ಗಾಡಿಗೆ ಇನ್ವರ್ಟರ್ ಹಾಕಿಸುವ ಮುನ್ನ ಫ್ಯೂಸು ಎಲ್ಲಿದೆ ಅಂತ ಕೇಳಿ

ವ್ಯಾನು, ಕಾರಿಗೆ ಇನ್ವರ್ಟರ್ ಹಾಕಿಸಬೇಕು ಅಂತ ಇರುವವರು ಇದನ್ನೊಮ್ಮೆ ಓದಿ. ಈಗಾಗಲೇ ಹಾಕಿಸಿಕೊಂಡವರು ಇವತ್ತೇ ಓದಿ. ನನ್ನ ವ್ಯಾನಿನಲ್ಲಿ ಸುಟ್ಟು ಹೋದದ್ದು ವೈರು. ಇನ್ವರ್ಟರಿಗೆ ಏನೂ ಆಗಿಲ್ಲ, ಈಗಲೂ ಓಡುತ್ತಿದೆ. ಅದಕ್ಕೇ ಹೇಳುತ್ತಿದ್ದೇನೆ, ಒಳ್ಳೆಯ ಕಂಪನಿಯ ಇನ್ವರ್ಟರ್ ತಂದ ಮಾತ್ರಕ್ಕೆ ನಿಶ್ಚಿಂತೆ ಅಂದುಕೊಳ್ಳಬೇಡಿ.

ಕೆಲಸದ ಮೇಲೆ ಓಡಾಡುವಾಗ ಲ್ಯಾಪ್‌ಟಾಪ್, ಡ್ರಿಲ್ ಬ್ಯಾಟರಿಯ ಚಾರ್ಜರ್, ಆಗಾಗ ಒಂದು ಸಣ್ಣ ಗ್ರೈಂಡರ್, ಇಷ್ಟಕ್ಕೆ ಕರೆಂಟು ಬೇಕಿತ್ತು. 1000 ವಾಟಿನ ಇನ್ವರ್ಟರ್ ತಂದು, ಗಾಡಿಗೆ ಆಕ್ಸೆಸರೀಸ್ ಹಾಕುವವರ ಕೈಗೆ ಕೊಟ್ಟೆ. ಸಂಜೆಗೆ ಕೆಲಸ ಮುಗಿದಿತ್ತು. ನೋಡೋಕೆ ಬಹಳ ಅಚ್ಚುಕಟ್ಟು. ಬ್ಯಾಟರಿಯಿಂದ ಹಿಂದಿನವರೆಗೆ ಒಂದು ತುಂಡು ವೈರೂ ಕಣ್ಣಿಗೆ ಬೀಳುತ್ತಿರಲಿಲ್ಲ, ಎಲ್ಲ ಕಾರ್ಪೆಟ್ ಕೆಳಗೆ. ಕೆಟ್ಟ ಕೆಲಸವೂ ಅಲ್ಲೇ ಇತ್ತು ಅನ್ನಿ.

ಮೊದಲಿನಿಂದಲೂ ಗ್ರೈಂಡರ್ ಹಚ್ಚಿದರೆ ಸಾಕು, ಇನ್ವರ್ಟರ್ ಪೀಂ ಪೀಂ ಅಂತ ಕೂಗುತ್ತಿತ್ತು. ಲೋ ವೋಲ್ಟೇಜ್ ಅಲಾರಂ. ಹಾಕಿದವರಿಗೆ ಫೋನ್ ಮಾಡಿದರೆ, "ಬ್ಯಾಟರಿ ವೀಕ್ ಆಗಿದೆ ಸಾರ್, ಬದಲಾಯಿಸಿಬಿಡಿ" ಅಂದರು. ಬ್ಯಾಟರಿ ಟೆಸ್ಟ್ ಮಾಡಿಸಿದೆ, ಗಟ್ಟಿಯಾಗಿಯೇ ಇತ್ತು.

ಹೊಗೆ ಬಂದ ದಿನ ಇನ್ವರ್ಟರ್ ಆಫ್ ಆಗಿತ್ತು. ಇದನ್ನು ಗಮನಿಸಿ. ಸ್ವಿಚ್ ಆಫ್, ಯಾವ ಲೋಡೂ ಇಲ್ಲ. ಹೊಂಡ ಬಿದ್ದ ರಸ್ತೆಯಲ್ಲಿ ಗಾಡಿ ಕುಲುಕುತ್ತಾ ಹೋಗುತ್ತಿತ್ತು. ಮೊದಲು ಪ್ಲಾಸ್ಟಿಕ್ ಸುಟ್ಟ ವಾಸನೆ. ಹೊರಗಿನದ್ದಿರಬೇಕು ಅಂತ ಗ್ಲಾಸ್ ಏರಿಸಿದರೆ ವಾಸನೆ ಇನ್ನೂ ಜಾಸ್ತಿ ಆಯಿತು. ಅಷ್ಟರಲ್ಲಿ ಪಕ್ಕದ ಸೀಟಿನವರು ಕಾಲಿಡುವ ಜಾಗದಿಂದ ಬಿಳಿ ಹೊಗೆ ಏಳತೊಡಗಿತು. ಗಾಡಿ ಬದಿಗೆ ಹಾಕಿ ಕೀ ತೆಗೆದೆ. ಹೊಗೆ ನಿಲ್ಲಲಿಲ್ಲ. ನಿಲ್ಲುವುದೂ ಇಲ್ಲ, ಯಾಕಂದ್ರೆ ಆ ವೈರು ನೇರ ಬ್ಯಾಟರಿಯಿಂದ ಬಂದದ್ದು, ಕೀಗೂ ಅದಕ್ಕೂ ಸಂಬಂಧವೇ ಇಲ್ಲ. ಬಾನೆಟ್ ಎತ್ತಿ, ಹತ್ತನೇ ನಂಬರ್ ಸ್ಪ್ಯಾನರಿನಲ್ಲಿ ನೆಗೆಟಿವ್ ಟರ್ಮಿನಲ್ ಕಳಚಿದ ಮೇಲೆಯೇ ನಿಂತದ್ದು. ಆ ಸ್ಪ್ಯಾನರ್ ಸೀಟಿನ ಪಕ್ಕದಲ್ಲೇ ಇದ್ದದ್ದು ನನ್ನ ಪುಣ್ಯ.

ಆಮೇಲೆ ಬೇರೊಬ್ಬ ಆಟೋ ಎಲೆಕ್ಟ್ರಿಷಿಯನ್ ಕಾರ್ಪೆಟ್ ಕಿತ್ತು ತೋರಿಸಿದರು. ಇಂಜಿನ್ನಿಗೂ ಒಳಗಿನ ಕ್ಯಾಬಿನ್ನಿಗೂ ನಡುವೆ ತಗಡಿನ ಗೋಡೆ ಇರುತ್ತದಲ್ಲ, ಅದಕ್ಕೆ ತೂತು ಕೊರೆದು ವೈರು ತೂರಿಸಿದ್ದರು. ತೂತಿಗೆ ರಬ್ಬರ್ ಗ್ರಾಮೆಟ್, ಅಂದರೆ ಅಂಚು ವೈರಿಗೆ ತಾಗದಂತೆ ಕೂರಿಸುವ ರಬ್ಬರ್ ಬಳೆ, ಹಾಕಿರಲಿಲ್ಲ. ಗಾಡಿ ಕುಲುಕಿದಂತೆಲ್ಲ ತಗಡಿನ ಅಂಚು ವೈರಿನ ಮೇಲಿನ ಇನ್ಸುಲೇಶನ್ ಕೊಯ್ದಿದೆ, ಕೊನೆಗೆ ಲೋಹಕ್ಕೆ ಲೋಹ ತಾಗಿದೆ. ಪಾಸಿಟಿವ್ ವೈರು ನೇರ ಗಾಡಿಯ ಬಾಡಿಯ ಲೋಹಕ್ಕೆ ಶಾರ್ಟ್. ಇಂಥ ಶಾರ್ಟಿಗೆ ಗಾಡಿಯ ಬ್ಯಾಟರಿ ನೂರಾರು ಆಂಪ್ಸ್ ಸುರಿಯುತ್ತದೆ. ನನ್ನ ವೈರಿನ ಕೆಂಪು ಸಿಪ್ಪೆ ಕಾರ್ಪೆಟ್ಟಿನ ಫೆಲ್ಟಿನ ಜೊತೆ ಕರಗಿ, ಎರಡೂ ಕಪ್ಪು ಅಂಟಾಗಿದ್ದವು.

ಉಳಿದಿದ್ದ ಒಂದು ತುಂಡನ್ನು ಅವರು ಬ್ಲೇಡಿನಲ್ಲಿ ಕೆರೆದರು. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ಮಾಲು. ಅದೂ ಒಳಗಿನ ಎಳೆಯ ದಪ್ಪ ಬರೀ 4 ಸ್ಕ್ವೇರ್ ಎಂಎಂ! ಸಿಪ್ಪೆ ದಪ್ಪ ಇದ್ದದ್ದರಿಂದ ಹೊರಗೆ ನೋಡಿದರೆ ದೊಡ್ಡ ಕೇಬಲ್ಲಿನ ಹಾಗೇ ಕಾಣುತ್ತಿತ್ತು. ಗ್ರೈಂಡರ್ ಓಡುವಾಗ ಸುಮಾರು 70 ಆಂಪ್ಸ್ ಎಳೆಯುತ್ತದೆ. ಇಂಥ ವೈರು ನಾಲ್ಕು ಮೀಟರ್ ಇದ್ದರೆ ದಾರಿಯಲ್ಲೇ ಎರಡು ವೋಲ್ಟ್ ಹೋಗುತ್ತದೆ. ಎಪ್ಪತ್ತನ್ನು ಎರಡರಿಂದ ಗುಣಿಸಿ, 140 ವಾಟ್ ಶಾಖ. ಅಷ್ಟೂ ಕಾರ್ಪೆಟ್ ಕೆಳಗೆ, ಗಾಳಿಯಾಡದ ಜಾಗದಲ್ಲಿ. ಅಲಾರಂ ಯಾಕೆ ಕೂಗುತ್ತಿತ್ತು ಅಂತ ಆಗ ಗೊತ್ತಾಯಿತು.

ಬ್ಯಾಟರಿಯ ಹತ್ತಿರ ವೈರಿಗೆ ಫ್ಯೂಸೇ ಇಲ್ಲವಲ್ಲ ಅಂತ ಇನ್ವರ್ಟರ್ ಹಾಕಿದವರನ್ನು ಕೇಳಿದ್ದಕ್ಕೆ ಬಂದ ಉತ್ತರ: "ಇನ್ವರ್ಟರ್ ಒಳಗೇ ಫ್ಯೂಸ್ ಇದೆಯಲ್ಲ ಸಾರ್, ಹೊರಗೆ ಯಾಕೆ?" ಈ ಮಾತು ನಿಮಗೂ ಯಾರಾದರೂ ಹೇಳಬಹುದು, ಒಪ್ಪಬೇಡಿ. ಒಳಗಿನ ಫ್ಯೂಸು ಇನ್ವರ್ಟರನ್ನು ಕಾಯುತ್ತದೆ, ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರನ್ನು ಅಲ್ಲ. ನಲ್ಲಿ ತಿರುಗಿಸಿ ಮುಚ್ಚಿದರೆ ಅದರ ಹಿಂದೆ ಒಡೆದ ಪೈಪಿನ ನೀರು ನಿಲ್ಲುತ್ತದಾ? ಫ್ಯೂಸು ಬ್ಯಾಟರಿಯ ಪಾಸಿಟಿವ್ ಟರ್ಮಿನಲ್‌ನಿಂದ ಒಂದು ಗೇಣಿನ ಒಳಗೆ ಇರಬೇಕು. ಅದರ ಆಂಪ್ಸ್ ಅಳತೆ ವೈರು ತಡೆಯುವಷ್ಟಕ್ಕಿಂತ ಕಡಿಮೆ ಇರಬೇಕು. ಪದೇ ಪದೇ ಹಾರುತ್ತೆ ಅಂತ ದೊಡ್ಡದು ಹಾಕಿಕೊಟ್ಟರೆ ಫ್ಯೂಸು ಇದ್ದೂ ಇಲ್ಲದ ಹಾಗೆ.

1000 ವಾಟ್ ಪೂರ್ತಿ ಲೋಡಿಗೆ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 90ರಿಂದ 100 ಆಂಪ್ಸ್ ಬೇಕು. ಅದಕ್ಕೆ ಅಪ್ಪಟ ತಾಮ್ರದ 25 ಸ್ಕ್ವೇರ್ ಎಂಎಂ ಕೇಬಲ್, ದೂರ ಜಾಸ್ತಿ ಇದ್ದರೆ 35. ವೈರಿನ ತುದಿಗೆ ಹಾಕುವ ಲೋಹದ ಲಗ್ ಅನ್ನು ಅದಕ್ಕೆಂದೇ ಇರುವ ಕ್ರಿಂಪಿಂಗ್ ಟೂಲಿನಲ್ಲೇ ಒತ್ತಿಸಿ. ನನ್ನ ಗಾಡಿಯಲ್ಲಿ ಕಟಿಂಗ್ ಪ್ಲೇಯರಿನಲ್ಲಿ ಹಿಚುಕಿ ಮೇಲೆ ಟೇಪ್ ಸುತ್ತಿದ್ದರು, ಕೈಯಲ್ಲಿ ಎಳೆದರೆ ಕಳಚಿ ಬಂತು. ನೆಗೆಟಿವ್ ವೈರಿಗೂ ಅಷ್ಟೇ ದಪ್ಪ ಬೇಕು. ಅದನ್ನು ಗಾಡಿಯ ಬಾಡಿಯ ಲೋಹಕ್ಕೆ ಸೇರಿಸುವುದಾದರೆ ಪೇಂಟು ಕೆರೆದು ಬೋಲ್ಟ್ ಬಿಗಿಯಬೇಕು. ಹೊಸ ಗಾಡಿಗಳಲ್ಲಿ ನೆಗೆಟಿವ್ ಟರ್ಮಿನಲ್ಲಿನ ಮೇಲೆ ಬ್ಯಾಟರಿಯ ಕರೆಂಟು ಅಳೆಯುವ ಸೆನ್ಸರ್ ಕೂತಿದ್ದರೆ, ವೈರನ್ನು ಅದೇ ಟರ್ಮಿನಲ್ಲಿಗೆ ಸಿಕ್ಕಿಸದೆ ಗಾಡಿಯ ಬಾಡಿಯ ಲೋಹಕ್ಕೇ ಸೇರಿಸುವುದು ಸರಿ. ಇಲ್ಲದಿದ್ದರೆ ಬ್ಯಾಟರಿಯ ಲೆಕ್ಕ ಗಾಡಿಗೆ ತಪ್ಪುತ್ತದೆ.

ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಚಿಕ್ಕ ಇನ್ವರ್ಟರ್ ಇರುವವರಿಗೆ ಇಷ್ಟೊಂದು ತಲೆನೋವಿಲ್ಲ. ಅಲ್ಲಿ ಸಾಮಾನ್ಯವಾಗಿ 10ರಿಂದ 20 ಆಂಪ್ಸ್ ಫ್ಯೂಸು ಇರುತ್ತದೆ. ನೂರು, ನೂರಿಪ್ಪತ್ತು ವಾಟಿನೊಳಗೆ ಇದ್ದುಕೊಂಡರೆ ಸಾಕು.

ಇನ್ನೊಂದು ಮಾತು, ಇಂಜಿನ್ ಆಫ್ ಮಾಡಿ ಬಳಸುವವರಿಗೆ. ಹೆಚ್ಚಿನ ಇನ್ವರ್ಟರ್‌ಗಳು ಬ್ಯಾಟರಿ ಹತ್ತೂವರೆ ವೋಲ್ಟಿನ ಆಸುಪಾಸಿಗೆ ಇಳಿದ ಮೇಲೆಯೇ ತಾವಾಗಿ ನಿಲ್ಲುವುದು. ಅಷ್ಟರಲ್ಲಿ ಸೆಲ್ಫ್ ಹೊಡೆಯುವ ಶಕ್ತಿ ಬ್ಯಾಟರಿಯಲ್ಲಿ ಇರಲ್ಲ. ಸುಮ್ನೆ ಆನ್ ಆಗಿದ್ದರೂ ಇನ್ವರ್ಟರ್ ಅರ್ಧ, ಒಂದು ಆಂಪ್ಸ್ ಕುಡಿಯುತ್ತಲೇ ಇರುತ್ತದೆ. ಒಂದು ಕಟ್‌ಆಫ್ ಸ್ವಿಚ್ ಹಾಕಿಸಿಕೊಳ್ಳಿ.

ಕೆಲಸ ಮುಗಿಸಿ ದುಡ್ಡು ಕೊಡುವ ಮೊದಲು ಹಾಕಿದವರ ಎದುರಿಗೇ ಜಾಸ್ತಿ ಲೋಡ್ ಹಚ್ಚಿ ಕಾಲು ಗಂಟೆ ಓಡಿಸಿ. ಮಲ್ಟಿಮೀಟರ್ ತರಿಸಿ, ಲೋಡ್ ಓಡುತ್ತಿರುವಾಗಲೇ ಒಂದು ಸಲ ಬ್ಯಾಟರಿ ಟರ್ಮಿನಲ್ಲಿನಲ್ಲಿ, ಒಂದು ಸಲ ಇನ್ವರ್ಟರಿನ ಡಿಸಿ ಟರ್ಮಿನಲ್ಲಿನಲ್ಲಿ, ಅಂದರೆ ಬ್ಯಾಟರಿ ವೈರು ಬಂದು ಸೇರುವ ಜಾಗದಲ್ಲಿ, ವೋಲ್ಟೇಜ್ ನೋಡಿ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ, ಅಥವಾ ಯಾವುದಾದರೂ ಲಗ್ ಕೈ ಇಡಲಾಗದಷ್ಟು ಬಿಸಿ ಇದ್ದರೆ, ಗಾಡಿ ಅಲ್ಲೇ ಬಿಟ್ಟು ವೈರಿಂಗ್ ಪೂರ್ತಿ ಬಿಚ್ಚಿ ಮತ್ತೆ ಮಾಡಿ ಅಂತ ಹೇಳಿ.