ನೇಪಾಳದ ಹಳ್ಳಿಯಲ್ಲಿ ಸ್ವಯಂಸೇವೆ: ಶಿಬಿರವೋ, ಕ್ಲಿನಿಕ್ಕೋ?

ನೇಪಾಳಕ್ಕೆ ಹೋಗಿ ಹಳ್ಳಿಗಳಲ್ಲಿ ಕೆಲಸ ಮಾಡಬೇಕು ಅನ್ನುವ ಡೆಂಟಲ್ ಮತ್ತು ಎಂಬಿಬಿಎಸ್ ಹುಡುಗರು ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ. ಊರೂರು ಸುತ್ತುವ ಶಿಬಿರಕ್ಕೆ ಹೋಗೋದಾ, ಒಂದೇ ಕ್ಲಿನಿಕ್‌ನಲ್ಲಿ ಉಳಿಯೋದಾ? ನಾನು ಹಲ್ಲಿನ ಡಾಕ್ಟರ್. ಸಿಂಧುಪಾಲ್‌ಚೋಕ್ ಜಿಲ್ಲೆಯಲ್ಲಿ ಶಿಬಿರ ಮಾಡಿದ್ದೇನೆ, ಪಕ್ಕದ ಕಾವ್ರೆಯಲ್ಲಿ ಕ್ಲಿನಿಕ್‌ನಲ್ಲೂ ಇದ್ದೆ. ನನ್ನ ಓಟು ಕ್ಲಿನಿಕ್ಕಿಗೆ.

ಶಿಬಿರ ಬೇಡ ಅಂತಲ್ಲ. 2015ರ ಭೂಕಂಪದಲ್ಲಿ ಅತಿ ಹೆಚ್ಚು ಜನ ಸತ್ತಿದ್ದು ಸಿಂಧುಪಾಲ್‌ಚೋಕ್‌ನಲ್ಲೇ, ಹೆಲ್ತ್ ಪೋಸ್ಟ್‌ಗಳೂ (ಹಳ್ಳಿಯ ಸರ್ಕಾರಿ ಆರೋಗ್ಯ ಕೇಂದ್ರಗಳು) ಕುಸಿದಿದ್ದವು. ಅಂಥ ಕಡೆ ಶಿಬಿರವೇ ಆಸ್ಪತ್ರೆ. ತಿಂಗಳುಗಟ್ಟಲೆ ಹಲ್ಲುನೋವು ತಿಂದವರಿಗೆ ಆ ರಾತ್ರಿಯಾದರೂ ನಿದ್ದೆ ಬರುತ್ತದೆ, ಅದು ಸಣ್ಣ ವಿಷಯ ಅಲ್ಲವೇ ಅಲ್ಲ. ಆದರೆ ಶಾಲೆಯ ಬೆಂಚಿನ ಮೇಲೆ ರೋಗಿಯನ್ನು ಕೂರಿಸಿ, ತಲೆಗೆ ಟಾರ್ಚ್ ಕಟ್ಟಿಕೊಂಡು, ಹೊರಗೆ ಅಷ್ಟುದ್ದ ಸಾಲು ಕಾಯುತ್ತಿರುವಾಗ ಮಾಡಲು ಆಗುವುದು ಒಂದೇ ಕೆಲಸ: ಕೀಳುವುದು. ಉಳಿಸಬಹುದಾದ ಹಲ್ಲೂ ಹೋಗುತ್ತದೆ. ಕಿತ್ತ ಜಾಗದಲ್ಲಿ ರಕ್ತದ ಹೆಪ್ಪು ಕಳಚಿ ಮೂಳೆ ತೆರೆದುಕೊಂಡರೆ ವಿಪರೀತ ನೋವು, ಅದು ಶುರುವಾಗುವುದು ಸಾಮಾನ್ಯವಾಗಿ ಎರಡು-ಮೂರು ದಿನದ ಮೇಲೆ. ಅಷ್ಟರಲ್ಲಿ ನಮ್ಮ ಜೀಪು ಎರಡು ಗುಡ್ಡ ದಾಟಿರುತ್ತದೆ. ಬಿಪಿ ಮಾತ್ರೆಯದೂ ಇದೇ ಕಥೆ. ಒಂದು ತಿಂಗಳಿಗೆ ಕೊಟ್ಟು ಬಂದೆವು, ಮುಂದಿನ ತಿಂಗಳು ಯಾರು ಕೊಡಬೇಕು?

ಕ್ಲಿನಿಕ್‌ನಲ್ಲಿ ಜನ ಕಡಿಮೆ. ಕೆಲವು ದಿನ ಪಕ್ಕದ ರೂಮಿನಲ್ಲಿ ಕೆಮ್ಮು, ಹೊಟ್ಟೆ ಉರಿ, ಸೌದೆ ಹೊಗೆ ಕುಡಿದು ಕುಡಿದು ಉಸಿರು ಕಟ್ಟುವ ಅಜ್ಜಿಯರು, ಇಷ್ಟೇ. ಆದರೆ ಸಮಯ ಇರುತ್ತದೆ. ಆರನೇ ವರ್ಷದ ಹೊತ್ತಿಗೆ ಹಿಂದೆ ಒಂದು ದವಡೆ ಹಲ್ಲು ಬರುತ್ತದಲ್ವಾ, ಅದು ಕಾಯಂ ಹಲ್ಲು. ಹಾಲುಹಲ್ಲು, ಬಿದ್ದುಹೋಗುತ್ತೆ ಅಂತ ಮನೆಯವರು ಬಿಟ್ಟುಬಿಡುತ್ತಾರೆ. ಕಾವ್ರೆಯಲ್ಲಿ ಒಬ್ಬ ಹುಡುಗಿಗೆ ಆ ಹಲ್ಲು ಹುಳುಕಾಗಿತ್ತು. ಕರೆಂಟಿಲ್ಲ, ಡ್ರಿಲ್ ಇಲ್ಲ. ಕೈಯುಪಕರಣದಲ್ಲೇ ಮೆತ್ತಗಾದ ಭಾಗ ಕೆರೆದು ತೆಗೆದು, ಗ್ಲಾಸ್ ಅಯನೋಮರ್ ಸಿಮೆಂಟ್ ತುಂಬಿ, ಬೆರಳಿಗೆ ವ್ಯಾಸಲೀನ್ ಹಚ್ಚಿ ಒತ್ತಿ ಹಿಡಿದೆ. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ಶುರುವಾದ ವಿಧಾನ ಇದು, ಎಆರ್‌ಟಿ ಅನ್ನುತ್ತಾರೆ. ಹುಡುಗಿ ಮತ್ತೆ ತೋರಿಸಲು ಬಂದಾಗ ಸಿಮೆಂಟ್ ಗಟ್ಟಿಯಾಗಿ ಕೂತಿತ್ತು, ಆ ಕಡೆಯಿಂದಲೇ ಅಗಿಯುತ್ತಿದ್ದಳು. ಶಿಬಿರದಲ್ಲಿ ಈ "ಮತ್ತೆ ಬಂದಾಗ" ಅನ್ನುವುದೇ ಇಲ್ಲ.

ಉಪಕರಣ ಶುಚಿ ಮಾಡುವುದು ಎರಡೂ ಕಡೆ ಪ್ರೆಷರ್ ಕುಕ್ಕರ್‌ನಲ್ಲೇ. ಎತ್ತರ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ಕುಕ್ಕರ್ ಒಳಗಿನ ಬಿಸಿಯೂ ಕಡಿಮೆ. ಹಾಗಾಗಿ ನಮ್ಮೂರಿಗಿಂತ ಜಾಸ್ತಿ ಹೊತ್ತು ಇಡಲೇಬೇಕು. ಶಿಬಿರದ ಗಡಿಬಿಡಿಯಲ್ಲಿ ಇದನ್ನೇ ಮೊಟಕು ಮಾಡುತ್ತಾರೆ, ದಯವಿಟ್ಟು ಬಿಡಬೇಡಿ.

ಭಾಷೆಗೂ ಕ್ಲಿನಿಕ್ಕೇ ಒಳ್ಳೆಯದು. ಹಿಂದಿಯಲ್ಲಿ ಹೇಗೋ ನಡೆಯುತ್ತದೆ, ಆದರೆ ತಮ್ಮದೇ ಭಾಷೆ ಆಡುವ ತಮಾಂಗ್ ಸಮುದಾಯದ ಅಜ್ಜಿಯರ ಹತ್ತಿರ ನಡೆಯುವುದಿಲ್ಲ. ಅಲ್ಲಿ ಊರಿನ ಆರೋಗ್ಯ ಸ್ವಯಂಸೇವಕಿಯರೇ ಗತಿ. 1988ರಿಂದ ಇರುವ ವ್ಯವಸ್ಥೆ ಅದು, ಯಾರ ಮನೆಯಲ್ಲಿ ಯಾರಿಗೆ ಏನು ಅಂತ ಅವರಿಗೆ ಗೊತ್ತು. ನಾವು ವಾಪಸ್ ಬಂದ ಮೇಲೂ ಅವರು ಅಲ್ಲೇ ಇರುತ್ತಾರೆ.

ಭಾರತೀಯರಿಗೆ ವೀಸಾ ಬೇಡ. ಆದರೆ ಡಾಕ್ಟರುಗಳಿಗೆ ನೇಪಾಳ ಮೆಡಿಕಲ್ ಕೌನ್ಸಿಲ್‌ನ ತಾತ್ಕಾಲಿಕ ನೋಂದಣಿ ಬೇಕೇ ಬೇಕು, ಎರಡು ದಿನದ ಶಿಬಿರಕ್ಕೂ. ವಿದ್ಯಾರ್ಥಿಗಳಿಗೆ ಶಿಬಿರದಲ್ಲಿ "ನೀನೇ ಕೀಳು" ಅಂತ ಇಕ್ಕಳ ಕೊಡುವವರಿದ್ದಾರೆ. ನಮ್ಮೂರಲ್ಲಿ ಒಬ್ಬರೇ ಮಾಡಬಾರದ್ದನ್ನು ಅಲ್ಲೂ ಮಾಡಬೇಡಿ, ಆ ರೋಗಿಗಳೂ ಯಾರದೋ ಅಪ್ಪ ಅಮ್ಮ. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ಗುಡ್ಡ ಕುಸಿದು ರಸ್ತೆ ಮುಚ್ಚುತ್ತದೆ, ಆಗ ಎರಡೂ ಬೇಡ.

ಒಂದೇ ವಾರ ರಜೆ ಇದ್ದರೆ ಶಿಬಿರಕ್ಕೇ ಹೋಗಿ. ಮಕ್ಕಳ ಹಲ್ಲಿಗೆ ಹುಳುಕು ತಡೆಯುವ ಫ್ಲೋರೈಡ್ ವಾರ್ನಿಷ್ ಹಚ್ಚಿ. ಯಾರಿಗೆ ಏನು ಮಾಡಿದಿರಿ, ಯಾವ ಮಾತ್ರೆ ಕೊಟ್ಟಿರಿ ಅನ್ನುವ ಪಟ್ಟಿಯನ್ನು ಹತ್ತಿರದ ಹೆಲ್ತ್ ಪೋಸ್ಟ್‌ನಲ್ಲಿ ಕೊಟ್ಟೇ ಜೀಪು ಹತ್ತಿ.