ಮೂರು ಕ್ಲಾಸ್, ಎರಡು ಸಲ ವೈಟ್ ಬೆಲ್ಟ್: ಮೈಸೂರಿನಲ್ಲಿ ಕರಾಟೆ ಶುರು ಮಾಡುವವರಿಗೆ

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕೆಲಸಕ್ಕೆ ಹೋಗುತ್ತಾ, ದೊಡ್ಡವರಾದ ಮೇಲೆ ಕರಾಟೆ ಕಲಿಯಬೇಕು ಅನ್ನುವ ಮೈಸೂರಿನವರು ಮನೆ ಹತ್ತಿರದ ಸಣ್ಣ ಕ್ಲಾಸ್ ಹುಡುಕಿ. ಬೆಲ್ಟ್ ಟೆಸ್ಟ್ ನಿಧಾನವಾಗಿ ನಡೆಯುವ ಕಡೆಯೇ ಸೇರಿ. ನಾನು ಈಗ ಸರಸ್ವತಿಪುರಂನ ಅಂಥದ್ದೊಂದು ಕ್ಲಾಸಿನಲ್ಲಿದ್ದೇನೆ, ಅಲ್ಲಿ ಕಲಿಸುವ ಕರಾಟೆ ಶೈಲಿ ಶೋಟೋಕಾನ್. ಮೊದಲು ಶಿಟೋ ರ್ಯೂ ಎಂಬ ಇನ್ನೊಂದು ಶೈಲಿಯ, ಊರಿನ ಒಂದು ದೊಡ್ಡ ಕ್ಲಾಸಿನಲ್ಲಿ ಆರೆಂಜ್ ಬೆಲ್ಟ್‌ವರೆಗೆ ಹೋಗಿದ್ದೆ. ನಡುವೆ ಕೆಲವು ತಿಂಗಳು ಭಾನುವಾರ ಬೆಂಗಳೂರಿಗೆ ಹೋಗಿ ಐಕಿಡೋ ಎಂಬ ಇನ್ನೊಂದು ಜಪಾನಿ ಕಲೆ ಕಲಿತೆ. ಮೂರೂ ಕಡೆ ಫೀಸ್ ಕಟ್ಟಿದ್ದೇನೆ, ಮೂರೂ ಕಡೆ ಮೈ ನೋಯಿಸಿಕೊಂಡಿದ್ದೇನೆ. ಹೋಲಿಸುವ ಹಕ್ಕು ಅಷ್ಟರ ಮಟ್ಟಿಗೆ ಇದೆ ಅಂದುಕೊಂಡಿದ್ದೇನೆ.

ಬ್ಲ್ಯಾಕ್ ಬೆಲ್ಟ್ ಮಾತು ಇಲ್ಲಿ ಬರುವುದಿಲ್ಲ. ಇದು ಅದಕ್ಕೂ ಮುಂಚಿನ, ಕ್ಯೂ ಎಂಬ ಶುರುವಿನ ದರ್ಜೆಗಳ ಬಗ್ಗೆ ಮಾತ್ರ. ಕ್ಯೂ ಮೇಲಿನಿಂದ ಕೆಳಕ್ಕೆ ಎಣಿಸುತ್ತಾ ಹೋಗುತ್ತದೆ, ಕರಾಟೆಯಲ್ಲಿ ಸಾಮಾನ್ಯವಾಗಿ 10ರಿಂದ 1ಕ್ಕೆ. ಅದಾದ ಮೇಲೆ ಶೋದಾನ್, ಅಂದರೆ ಮೊದಲ ಬ್ಲ್ಯಾಕ್ ಬೆಲ್ಟ್. ಅರ್ಧಕ್ಕೆ ಬಿಡುವವರಲ್ಲಿ ಹೆಚ್ಚಿನವರು ಈ ಮೊದಲ ಮೂರು ನಾಲ್ಕು ದರ್ಜೆಗಳಲ್ಲೇ ಬಿಡುವುದನ್ನು ನಾನು ನೋಡಿದ್ದೇನೆ. ಅದಕ್ಕೇ ಎಲ್ಲಿ ಶುರು ಮಾಡುತ್ತೀರಿ ಅನ್ನುವುದು ಮುಖ್ಯ.

ದೊಡ್ಡ ಕ್ಲಾಸಿನಿಂದ ಶುರು ಮಾಡೋಣ. ದೊಡ್ಡ ಹಾಲ್, ತುಂಬಾ ಮಕ್ಕಳು, ಹಿಂದಿನ ಸಾಲಿನಲ್ಲಿ ನಮ್ಮಂಥ ಕೆಲವರು ದೊಡ್ಡವರು. ಎಲ್ಲರೂ ಒಟ್ಟಿಗೆ ಕಿಯಾಯ್ ಕೂಗಿದರೆ ಆಫೀಸಿನ ಸುಸ್ತೆಲ್ಲ ಹೋಗುತ್ತಿತ್ತು. ವಾರ್ಮ್ ಅಪ್ ತುಂಬಾ ಚೆನ್ನಾಗಿತ್ತು. ಮಕ್ಕಳನ್ನು ಟೂರ್ನಮೆಂಟ್‌ಗೆ ತಯಾರು ಮಾಡುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಆದರೆ ಮೂರು ತಿಂಗಳಿಗೊಮ್ಮೆ ಬೆಲ್ಟ್ ಟೆಸ್ಟ್ ಇರುತ್ತಿತ್ತು, ಕೂತವರೆಲ್ಲ ಪಾಸಾಗುತ್ತಿದ್ದರು. ಅಷ್ಟು ಜನರ ನಡುವೆ ನನ್ನ ಹಿಂದಿನ ಕಾಲು ಎಲ್ಲಿದೆ ಎಂದು ನೋಡಲು ಮಾಸ್ಟರಿಗೆ ಪುರುಸೊತ್ತೇ ಇರಲಿಲ್ಲ.

ಶಿಟೋ ರ್ಯೂ ಶೈಲಿಯಲ್ಲಿ ಯಾವ ಕೊರತೆಯೂ ಇಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಅದನ್ನು ಕಟ್ಟಿದ ಕೆನ್ವಾ ಮಬುನಿ ಓಕಿನಾವಾದಲ್ಲಿ ಇತೋಸು ಮತ್ತು ಹಿಗಾಓನ್ನಾ, ಈ ಇಬ್ಬರು ಗುರುಗಳ ಬಳಿಯೂ ಕಲಿತವರು. ಹಾಗಾಗಿ ಎರಡು ಪರಂಪರೆಗಳ ಕತಾಗಳೂ, ಅಂದರೆ ಒಬ್ಬರೇ ಕ್ರಮವಾಗಿ ಮಾಡುವ ಚಲನೆಗಳ ಸರಣಿಗಳೂ, ಅದರಲ್ಲಿವೆ, ಸಂಪತ್ತು ಬಹಳ ದೊಡ್ಡದು. ನನ್ನ ತಕರಾರು ಟೆಸ್ಟ್ ನಡೆಸುತ್ತಿದ್ದ ರೀತಿಯ ಬಗ್ಗೆ, ಮತ್ತು ಆ ಟೆಸ್ಟ್‌ನ ಸರ್ಟಿಫಿಕೇಟ್ ಹೊರಗೆ ಎಷ್ಟು ಬಾಳುತ್ತದೆ ಎಂಬುದರ ಬಗ್ಗೆ.

ಆ ಸರ್ಟಿಫಿಕೇಟ್ ವಿಷಯಕ್ಕೆ ಬರುತ್ತೇನೆ. ಇಡೀ ಹೋಲಿಕೆಯಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಅದೇ.

ಸರಸ್ವತಿಪುರಂ ಕ್ಲಾಸಿಗೆ ಮೊದಲ ಸಲ ಹೋದಾಗ ಆರೆಂಜ್ ಬೆಲ್ಟ್ ಮತ್ತು ಸರ್ಟಿಫಿಕೇಟ್ ಎರಡನ್ನೂ ತೆಗೆದುಕೊಂಡು ಹೋಗಿದ್ದೆ. ಮಾಸ್ಟರ್ ಅದನ್ನು ಪೂರ್ತಿ ಓದಿದರು, ಗೌರವದಿಂದಲೇ ವಾಪಸ್ ಕೊಟ್ಟರು. "ಜೋಪಾನವಾಗಿ ಇಟ್ಟುಕೊಳ್ಳಿ. ಇಲ್ಲಿ ವೈಟ್ ಬೆಲ್ಟ್ ಕಟ್ಟಿಕೊಳ್ಳಿ" ಅಂದರು. ಆಮೇಲೆ ಪಿನಾನ್ ಶೋದಾನ್ ಎಂಬ ಕತಾ ಮಾಡಿ ತೋರಿಸಿ ಎಂದರು. ಕತಾದ ಹೆಸರಿನಲ್ಲಿ ಶೋದಾನ್ ಅಂದರೆ ಒಂದನೆಯದು ಅಂತ, ಬೆಲ್ಟ್ ಅಲ್ಲ. ನಾನು ಎಡಕ್ಕೆ ತಿರುಗಿ ಎರಡೂ ಕೈ ಮೇಲೆತ್ತಿದೆ. ಅಲ್ಲೇ ನಿಲ್ಲಿಸಿದರು. "ಇದು ನಮ್ಮಲ್ಲಿ ಎರಡನೆಯದು, ಹೇಯಾನ್ ನಿದಾನ್" ಎಂದರು.

ಹೀಗೇಕೆ ಅಂದರೆ, ಪಿನಾನ್ ಎಂಬ ಐದು ಕತಾಗಳನ್ನು ಓಕಿನಾವಾದ ಶಾಲಾ ಮಕ್ಕಳಿಗಾಗಿ ಅಂಕೋ ಇತೋಸು 1900ರ ದಶಕದಲ್ಲಿ ಜೋಡಿಸಿಕೊಟ್ಟರು. ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೋಗೆ ಕರಾಟೆ ತಂದರು. ಮುಂದೆ ಅವರು ಈ ಕತಾಗಳಿಗೆ ಹೇಯಾನ್ ಎಂದು ಹೆಸರಿಟ್ಟು, ಮೊದಲ ಎರಡರ ಜಾಗ ಅದಲುಬದಲು ಮಾಡಿದರು. ಎರಡನೆಯದೇ ಹೊಸಬರಿಗೆ ಸುಲಭ ಎನ್ನುವುದು ಕಾರಣ. ಅಂದರೆ ಶಿಟೋ ರ್ಯೂನ ಪಿನಾನ್ ನಿದಾನ್ ಶೋಟೋಕಾನ್‌ನಲ್ಲಿ ಹೇಯಾನ್ ಶೋದಾನ್ ಆಗುತ್ತದೆ. ಶಿಟೋ ರ್ಯೂನ ಎಷ್ಟೋ ಕ್ಲಾಸುಗಳಲ್ಲೂ ನಿದಾನನ್ನೇ ಮೊದಲು ಕಲಿಸುತ್ತಾರೆ. ನನಗೂ ಹಾಗೇ ಕಲಿಸಿದ್ದರು, ಕಾರಣ ಮಾತ್ರ ಯಾರೂ ಹೇಳಿರಲಿಲ್ಲ.

ನಂಬರ್ ಅದಲುಬದಲು ಆಗಿದ್ದನ್ನು ಒಂದು ಸಂಜೆಯಲ್ಲಿ ಸರಿ ಮಾಡಿಕೊಳ್ಳಬಹುದು. ಕಾಲು ಹಾಗೆ ಕೇಳುವುದಿಲ್ಲ. ಪಿನಾನ್‌ನಲ್ಲಿ ನಾನು ನೆಕೋಆಶಿ ನಿಲುವಿಗೆ ಒಗ್ಗಿಹೋಗಿದ್ದೆ. ಅದರಲ್ಲಿ ಹೆಚ್ಚುಕಮ್ಮಿ ಎಲ್ಲ ಭಾರ ಹಿಂದಿನ ಕಾಲಿನ ಮೇಲೆ, ಮುಂದಿನ ಪಾದದ ತುದಿ ಮಾತ್ರ ನೆಲ ಮುಟ್ಟುತ್ತದೆ. ಶೋಟೋಕಾನ್‌ನಲ್ಲಿ ಆ ಜಾಗಗಳಲ್ಲಿ ಕೋಕುತ್ಸು ಬರುತ್ತದೆ. ಅದು ಉದ್ದದ ನಿಲುವು, ಸುಮಾರು 70 ಭಾಗ ಭಾರ ಹಿಂದೆ, 30 ಭಾಗ ಮುಂದೆ. ಮುಂದಕ್ಕೆ ಬಾಗುವ ಝೆಂಕುತ್ಸು ಕೂಡ ಶೋಟೋಕಾನ್‌ನಲ್ಲಿ ಇನ್ನೂ ಉದ್ದ, ಇನ್ನೂ ತಗ್ಗು. ಹೇಯಾನ್ ಶೋದಾನ್ ಕೊನೆಯಲ್ಲಿ ನಾಲ್ಕು ಶುತೋ ಉಕೆ, ಅಂದರೆ ಅಂಗೈ ಅಂಚಿನ ತಡೆಗಳು, ಇವೆ, ಕೋಕುತ್ಸುವಿನಲ್ಲಿ. ಅಲ್ಲಿಗೆ ಬಂದಾಗಲೆಲ್ಲ ನನ್ನ ಕಾಲು ತಾನಾಗೇ ಚಿಕ್ಕದಾಗುತ್ತಿತ್ತು. ಪಕ್ಕದಲ್ಲಿ ಹೊಸದಾಗಿ ಸೇರಿದ ಪಿಯುಸಿ ಹುಡುಗಿ ಮೊದಲ ದಿನದಿಂದಲೇ ಸರಿಯಾಗಿ ನಿಲ್ಲುತ್ತಿದ್ದಳು. ಅವಳಿಗೆ ಮರೆಯಬೇಕಾದ್ದು ಏನೂ ಇರಲಿಲ್ಲ ನೋಡಿ.

ಹಾಗಾಗಿ ಮತ್ತೆ ವೈಟ್ ಬೆಲ್ಟ್ ಕಟ್ಟಿಸಿದ್ದರ ಬಗ್ಗೆ ನನಗೆ ಬೇಸರವಿಲ್ಲ, ಅದು ನ್ಯಾಯವಾಗಿತ್ತು. ಬೇಸರ ಇರುವುದು ಮೊದಲಿನ ಕ್ಲಾಸಿನ ಬಗ್ಗೆ. ಸೇರುವಾಗ ಈ ದರ್ಜೆ ಯಾವ ಸಂಘಟನೆಯದು, ಬೇರೆ ಎಲ್ಲಿ ನಡೆಯುತ್ತದೆ ಎಂದು ಕೇಳಿದ್ದೆ. "ಎಲ್ಲಾ ಕಡೆ ನಡೆಯುತ್ತೆ" ಎಂಬ ಉತ್ತರ ಬಂದಿತ್ತು. ನಿಜ ಏನೆಂದರೆ ಕ್ಯೂ ದರ್ಜೆ ಸಾಮಾನ್ಯವಾಗಿ ಅದನ್ನು ಕೊಟ್ಟ ಸಂಘಟನೆಯ ಒಳಗೆ ಮಾತ್ರ ನಡೆಯುತ್ತದೆ. ಶೋಟೋಕಾನ್ ಒಂದರಲ್ಲೇ ಎಷ್ಟೊಂದು ಸಂಘಟನೆಗಳಿವೆ. ಜಪಾನ್ ಕರಾಟೆ ಅಸೋಸಿಯೇಷನ್ 1949ರದ್ದು. ಅದರಿಂದ ಹೊರಬಂದ ಕಾನಾಝಾವಾ 1978ರಲ್ಲಿ ತಮ್ಮದೇ ಫೆಡರೇಷನ್ ಕಟ್ಟಿದರು. ಒಂದು ಕಡೆಯ ದರ್ಜೆಯನ್ನು ಇನ್ನೊಂದು ಕಡೆ ಒಪ್ಪುವುದೋ ಬಿಡುವುದೋ ಆಯಾ ಮಾಸ್ಟರಿಗೆ ಬಿಟ್ಟಿದ್ದು. ಇದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿದ್ದರೆ ನಾಲ್ಕು ಟೆಸ್ಟ್‌ನ ದುಡ್ಡು ಯಾಕೆ ಕಟ್ಟುತ್ತಿದ್ದೇನೆ ಎಂದಾದರೂ ನನಗೆ ಗೊತ್ತಿರುತ್ತಿತ್ತು. ವರ್ಗಾವಣೆ ಇರುವ ಕೆಲಸದವರು, ಓದಲು ಮೈಸೂರಿಗೆ ಬಂದು ಆಮೇಲೆ ಊರಿಗೆ ವಾಪಸ್ ಹೋಗುವ ಹುಡುಗರು, ಇವರಿಗೆಲ್ಲ ಇದು ಸಣ್ಣ ವಿಷಯವೇ?

ಬೆಲ್ಟ್‌ನ ಬಣ್ಣದ ಕತೆಯೂ ಹೀಗೇ. ದಾನ್, ಅಂದರೆ ಬ್ಲ್ಯಾಕ್ ಬೆಲ್ಟ್‌ನ ದರ್ಜೆಗಳ ಪದ್ಧತಿಯನ್ನು ಈ ಕಲೆಗಳಿಗೆ ತಂದವರು ಜೂಡೋ ಕಟ್ಟಿದ ಕಾನೋ ಜಿಗೊರೋ. 1883ರಲ್ಲಿ ಇಬ್ಬರು ಶಿಷ್ಯರಿಗೆ ಶೋದಾನ್ ಕೊಟ್ಟರು. ಫುನಾಕೋಶಿ ಅದನ್ನು ಕರಾಟೆಗೆ ತೆಗೆದುಕೊಂಡಿದ್ದು 1924ರಲ್ಲಿ. ಹಳದಿ, ಆರೆಂಜ್, ಹಸಿರು ಬಣ್ಣಗಳು ಆಮೇಲೆ ಯುರೋಪಿನ ಜೂಡೋದಲ್ಲಿ ಬೆಳೆದವು. 1930ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಕಲಿಸುತ್ತಿದ್ದ ಕವಾಯಿಶಿ ಅವರ ಹೆಸರನ್ನು ಇದಕ್ಕೆ ಹೇಳುತ್ತಾರೆ. ಹಾಗಾಗಿ ಯಾವ ಬಣ್ಣ ಯಾವ ಕ್ಯೂ ಎಂಬುದಕ್ಕೆ ಎಲ್ಲರೂ ಒಪ್ಪಿದ ನಿಯಮ ಇಲ್ಲ. ನಮ್ಮ ಮೈಸೂರಿನ ಗರಡಿಗಳಲ್ಲಿ ಬಣ್ಣವೇ ಇಲ್ಲ, ಅಲ್ವಾ? ಉಸ್ತಾದರು ಯಾರನ್ನು ಯಾರ ಜೊತೆ ಜೋಡಿ ಕಟ್ಟಿ ಮಣ್ಣಿಗೆ ಇಳಿಸುತ್ತಾರೆ ಎಂಬುದರಲ್ಲೇ ದರ್ಜೆ ಗೊತ್ತಾಗುತ್ತದೆ. ಸರಸ್ವತಿಪುರಂ ಮಾಸ್ಟರ್ ಕೂಡ ಕುಮಿತೆಗೆ, ಅಂದರೆ ಇಬ್ಬರು ಎದುರುಬದುರು ನಿಂತು ಮಾಡುವ ಅಭ್ಯಾಸಕ್ಕೆ, ಜೋಡಿ ಹಾಕುವಾಗ ಬೆಲ್ಟ್ ನೋಡುವುದು ಕಡಿಮೆ.

ಐಕಿಡೋ ನನಗೆ ಇವತ್ತಿಗೂ ಇಷ್ಟ. ಮೊರಿಹೇಯಿ ಉಯೇಶಿಬಾ ಕಟ್ಟಿದ ಈ ಕಲೆಯಲ್ಲಿ, ಐಕಿಕಾಯ್ ಎಂಬ ಸಂಘಟನೆಯ ಪದ್ಧತಿಯ ಡೋಜೋಗಳಲ್ಲಿ, ಅಂದರೆ ಅಭ್ಯಾಸದ ಶಾಲೆಗಳಲ್ಲಿ, ಸ್ಪರ್ಧೆಯೇ ಇಲ್ಲ. ನಾನು ಹೋದ ಕಡೆ ದೊಡ್ಡವರು ಶೋದಾನ್ ಆಗುವವರೆಗೂ ವೈಟ್ ಬೆಲ್ಟನ್ನೇ ಕಟ್ಟುತ್ತಾರೆ. ಬಣ್ಣದ ಗಲಾಟೆ ಇಲ್ಲ, ತುಂಬಾ ನೆಮ್ಮದಿ. ಮೊದಲ ಪರೀಕ್ಷೆ 5ನೇ ಕ್ಯೂ. ಅದರಲ್ಲಿ ಮಾಡಬೇಕಾದ ಪಟ್ಟುಗಳು: ಶೋಮೆನ್‌ಉಚಿ ಇಕ್ಕ್ಯೋ, ಶೋಮೆನ್‌ಉಚಿ ಇರಿಮಿನಾಗೆ, ಕತಾತೆದೋರಿ ಶಿಹೋನಾಗೆ, ಕೊನೆಗೆ ಮಂಡಿಯೂರಿ ಮಾಡುವ ಕೊಕ್ಯೂಹೋ. ಬೀಳುವುದನ್ನು ಕಲಿಸುವ ಉಕೆಮಿ ಅಂತೂ ಪ್ರತಿಯೊಬ್ಬರೂ ಕಲಿಯಬೇಕಾದ್ದು.

ತೊಡಕು ಎರಡು. ಒಂದು, ನನ್ನ ಮಂಡಿ. ಟೈಲ್ಸ್ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವವನಿಗೆ ಮಂಡಿಯಲ್ಲಿ ನಡೆಯುವ ಅಭ್ಯಾಸ ಸುಲಭವಲ್ಲ. ಇನ್ನೊಂದು, ದೂರ. ಬೈಕಿನಲ್ಲಿ ಹೋಗೋಣ ಅಂದರೆ 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲಿ ಮಂಡ್ಯ, ಮದ್ದೂರು ದಾಟಿ ಹೋಗುವಷ್ಟರಲ್ಲಿ ಅರ್ಧ ಶಕ್ತಿ ಖಾಲಿ. ರೈಲೇ ಗತಿ. ಐಕಿಕಾಯ್‌ನ ಟೋಕಿಯೋ ಹೊಂಬು ಡೋಜೋದ, ಅಂದರೆ ಕೇಂದ್ರ ಶಾಲೆಯ, ನಿಯಮದಲ್ಲಿ 5ನೇ ಕ್ಯೂಗೆ ಕನಿಷ್ಠ 30 ದಿನದ ಅಭ್ಯಾಸ ಬೇಕು. ಅಲ್ಲಿ ಲೆಕ್ಕ ಕ್ಯಾಲೆಂಡರ್ ತಿಂಗಳಿನದಲ್ಲ, ಡೋಜೋಗೆ ಬಂದ ದಿನಗಳದು. ನನಗೆ ಈ ಲೆಕ್ಕ ತುಂಬಾ ಹಿಡಿಸಿತು. ಆದರೆ ವಾರಕ್ಕೊಂದು ದಿನ ಹೋಗುವವನಿಗೆ, ಹಬ್ಬ, ಮದುವೆ, ಮಳೆ ಎಲ್ಲ ಕಳೆದರೆ, ಮೊದಲ ಪರೀಕ್ಷೆಗೇ ಹತ್ತಿರ ಹತ್ತಿರ ಒಂದು ವರ್ಷ. ವಾರಕ್ಕೊಮ್ಮೆ ಮಾತ್ರ ಮಾಡಿದರೆ ಹಿಂದಿನ ವಾರದ್ದು ಮೈಯಲ್ಲಿ ಉಳಿಯುವುದೂ ಇಲ್ಲ. ನಾನು ಬೆಂಗಳೂರಿನಲ್ಲಿ ಇದ್ದಿದ್ದರೆ ಈ ಬರಹದ ಮೊದಲ ಸಾಲು ಬೇರೆ ಇರುತ್ತಿತ್ತೋ ಏನೋ.

ಇನ್ನು ನನ್ನ ಮೆಚ್ಚಿನ ಕ್ಲಾಸ್. ಒಂದು ಮನೆಯ ತಾರಸಿ, ಮೇಲೆ ಶೀಟ್. ಮಳೆಗಾಲದಲ್ಲಿ ಮಾಸ್ಟರ್ ಎಣಿಕೆ ಕೇಳಿಸುವುದಿಲ್ಲ, ಮುಂದಿನವರನ್ನು ನೋಡಿಕೊಂಡು ಮಾಡಬೇಕು. ಸಿಮೆಂಟ್ ನೆಲ ಮೇ ತಿಂಗಳಲ್ಲಿ ಸಂಜೆ ಕೂಡ ಬಿಸಿ. ದಸರಾ ಸಮಯದಲ್ಲಿ ಕೆಲವು ದಿನ ರಜೆ. ಇಷ್ಟು ಬಿಟ್ಟರೆ ನನಗೆ ದೂರು ಇಲ್ಲ.

ಇಲ್ಲಿ ವರ್ಷಕ್ಕೆ ಎರಡೇ ಟೆಸ್ಟ್. ಅದಕ್ಕೂ ಯಾರು ಕೂರಬಹುದು ಎಂದು ಮಾಸ್ಟರ್ ಹೇಳುತ್ತಾರೆ. ಮೊದಲ ಟೆಸ್ಟ್‌ನಲ್ಲಿ ಮೂರು ಭಾಗ: ಕಿಹೋನ್ (ಅಂದರೆ ಮೂಲ ಹೊಡೆತ, ತಡೆಗಳು), ಹೇಯಾನ್ ಶೋದಾನ್, ಮತ್ತು ಐದು ಹೆಜ್ಜೆಯ ಗೋಹೋನ್ ಕುಮಿತೆ. ಹೇಯಾನ್ ಶೋದಾನ್‌ನಲ್ಲಿ ಇರುವುದು 21 ಚಲನೆ, 9ನೆಯದಕ್ಕೂ 17ನೆಯದಕ್ಕೂ ಕಿಯಾಯ್. ಓದಿದರೆ ಇಷ್ಟೇನಾ ಅನ್ನಿಸುತ್ತದೆ. ಆದರೆ ಮೊದಲ ಎರಡು ಚಲನೆಗೇ ನಮ್ಮ ಮಾಸ್ಟರ್ ವಾರಗಟ್ಟಲೆ ಕೊಟ್ಟರು. ಎಡಕ್ಕೆ ತಿರುಗಿ ಗೆದಾನ್ ಬರಾಯ್ ಎಂಬ ಕೆಳಭಾಗದ ತಡೆ, ಬಲಗಾಲು ಮುಂದಿಟ್ಟು ಓಯ್ ಝುಕಿ ಎಂಬ ಮುಷ್ಟಿ ಹೊಡೆತ. ತಿರುಗುವಾಗ ತಲೆ ಮೊದಲು. ಸೊಂಟ ತಿರುಗಿದ ಮೇಲೆ ಕೈ. ಹೆಜ್ಜೆ ಇಡುವಾಗ ತಲೆ ಮೇಲೆ ಕೆಳಗೆ ಆಗಬಾರದು. ಹೊಡೆತ ಮುಗಿದಾಗ ಹಿಂದಿನ ಕಾಲಿನ ಹಿಮ್ಮಡಿ ಏಳಬಾರದು. ಹಿಮ್ಮಡಿ ಎದ್ದರೆ ಅವರು ಬಂದು ಕೈಯಿಂದ ಒತ್ತಿ ಕೂರಿಸುತ್ತಾರೆ, ಎಷ್ಟು ಸಲ ಬೇಕಾದರೂ. ಒಮ್ಮೆ ಅದು ಕೂತು, ನೆಲದ ಬಲ ಸೊಂಟದಿಂದ ಮುಷ್ಟಿಗೆ ಬಂದಿದ್ದು ಗೊತ್ತಾದಾಗ ನನಗಾದ ಸಂತೋಷ ಯಾವ ಬೆಲ್ಟ್ ಕಟ್ಟಿದಾಗಲೂ ಆಗಿರಲಿಲ್ಲ.

ಕಾಲಿನ ಬಲಕ್ಕೆ ಭಾನುವಾರ ಬೆಳಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ. ಬೆಂಗಳೂರಿನ ರೈಲಿಗೆ ಹೋಗುತ್ತಿದ್ದ ಹೊತ್ತಿನಲ್ಲಿ ಈಗ ನಂದಿಯ ಹತ್ತಿರ ಕೂತು ಉಸಿರು ತೆಗೆದುಕೊಳ್ಳುತ್ತಿರುತ್ತೇನೆ.

ದುಡ್ಡಿನ ಲೆಕ್ಕ. ದೊಡ್ಡ ಕ್ಲಾಸಿನಲ್ಲಿ ತಿಂಗಳಿಗೆ 1000 ರೂಪಾಯಿ, ಪ್ರತಿ ಟೆಸ್ಟ್‌ಗೆ ಬೆಲ್ಟ್, ಸರ್ಟಿಫಿಕೇಟ್ ಸೇರಿ 1800. ನಾಲ್ಕು ಟೆಸ್ಟ್ ಸೇರಿದರೆ ವರ್ಷಕ್ಕೆ 19,200. ಸರಸ್ವತಿಪುರಂನಲ್ಲಿ ತಿಂಗಳಿಗೆ 1200, ಟೆಸ್ಟ್‌ಗೆ 600. ವರ್ಷಕ್ಕೆ 15,600. ತಿಂಗಳ ಫೀಸ್ ಮಾತ್ರ ನೋಡಿದರೆ ಮೊದಲನೆಯದು ಅಗ್ಗ ಅನ್ನಿಸುತ್ತದೆ, ಹಾಗಾಗಿ ಟೆಸ್ಟ್ ಸೇರಿಸಿಯೇ ಲೆಕ್ಕ ಹಾಕಿ. ಬೆಂಗಳೂರಿನದಕ್ಕೆ ಫೀಸ್ ಜೊತೆ ಓಡಾಟ, ಊಟ ಸೇರಿ ಎರಡಕ್ಕಿಂತಲೂ ಜಾಸ್ತಿ.

ಡ್ರೆಸ್: ದೊಡ್ಡ ಕ್ಲಾಸಿನಲ್ಲಿ ಅವರ ಲೋಗೋ ಇರುವುದೇ ಆಗಬೇಕು. ಇಲ್ಲಿ ಯಾವುದೇ ಬಿಳಿ ಗಿ ಸಾಕು. ಬರೀ ಪಾಲಿಯೆಸ್ಟರ್ ಬೇಡ, ಮೈಗೆ ಅಂಟುತ್ತದೆ.

ನಿಮ್ಮ ಮಗುವಿಗೆ ಏಳೆಂಟು ವರ್ಷ, ಟೂರ್ನಮೆಂಟ್ ಆಸೆ ಇದೆ ಅಂದರೆ ದೊಡ್ಡ ಕ್ಲಾಸಿಗೆ ಸೇರಿಸಿ, ಮೂರು ತಿಂಗಳಿಗೊಂದು ಬೆಲ್ಟ್ ಮಕ್ಕಳಿಗೆ ಹುಮ್ಮಸ್ಸು ಕೊಡುತ್ತದೆ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ನನ್ನ ಹಾಗೆ ಸಂಜೆ ಏಳಕ್ಕೆ ಅಂಗಡಿ ಬಿಟ್ಟು, ವಾರಕ್ಕೆ ಮೂರು ದಿನ ಹೋಗಬಲ್ಲವರಿಗೆ ಸಣ್ಣ ಕ್ಲಾಸೇ ಸರಿ. ನಾನೀಗ ಹೇಯಾನ್ ಸಾಂದಾನ್ ಮಾಡುತ್ತಿದ್ದೇನೆ, 20 ಚಲನೆ, ಮುಂದಿನ ಟೆಸ್ಟ್ ದಸರಾ ಆದ ಮೇಲೆ.

ಸೇರುವ ಮುಂಚೆ ಹೋಗಿ ನೋಡುವುದಾದರೆ ಬೆಲ್ಟ್ ಟೆಸ್ಟ್ ದಿನ ಹೋಗಬೇಡಿ, ಮಾಮೂಲಿ ದಿನ ಹೋಗಿ. ದರ್ಜೆ ಯಾವ ಸಂಘಟನೆಯದು, ವರ್ಷಕ್ಕೆ ಎಷ್ಟು ಟೆಸ್ಟ್, ಒಂದಕ್ಕೆ ಎಷ್ಟು ಎಂದು ಕೇಳಿ, ಉತ್ತರ ಬರೆದುಕೊಳ್ಳಿ. ಆಮೇಲೆ ಬ್ಲ್ಯಾಕ್ ಬೆಲ್ಟ್‌ನವರನ್ನು ಬಿಟ್ಟು ಯೆಲ್ಲೋ ಬೆಲ್ಟ್‌ನವರನ್ನು ನೋಡಿ, ಅದರಲ್ಲೂ ಓಯ್ ಝುಕಿ ಹೊಡೆಯುವಾಗ ಅವರ ಹಿಂದಿನ ಹಿಮ್ಮಡಿಯನ್ನು. ಎದ್ದಿದ್ದರೆ ಯಾರಾದರೂ ಬಂದು ತಿದ್ದುತ್ತಾರಾ ಎಂದು ಹತ್ತು ನಿಮಿಷ ಕಾಯಿರಿ. ತಿದ್ದಿದರೆ ಅಲ್ಲೇ ಫೀಸ್ ಕಟ್ಟಿ.