ಬಿ.ಇಡಿ. ಪ್ರಯೋಗಾಲಯದ ‘ಮಕ್ಕಳ ಚಿಂತನೆ’ ಕಿಟ್: ಸಾಮಾನು ಪರವಾಗಿಲ್ಲ, ಕೈಪಿಡಿ ಕೆಡಿಸಿದೆ

ಬಿ.ಇಡಿ. ಮತ್ತು ಡಿ.ಎಲ್.ಇಡಿ. ಕಾಲೇಜುಗಳ ಮನೋವಿಜ್ಞಾನ ಪ್ರಯೋಗಾಲಯಕ್ಕೆಂದು ಮಾರುವ ಕಿಟ್ ಇದು. ದ್ರವ, ಜೇಡಿಮಣ್ಣು ಮತ್ತು ಬಿಲ್ಲೆಗಳ ಸಂರಕ್ಷಣೆ ಪ್ರಯೋಗ (ಆಕಾರ ಬದಲಾದರೂ ಪ್ರಮಾಣ ಅಷ್ಟೇ ಎಂದು ಮಗುವಿಗೆ ತಿಳಿದಿದೆಯೇ ಎಂದು ನೋಡುವುದು), ಮೂರು ಬೆಟ್ಟಗಳ ಮಾದರಿ, ಎರಡು ಗೊಂಬೆಗಳ ಆಟ, ಮನೋವಿಜ್ಞಾನಿ ಪಿಯಾಜೆಯವರ ಕಥಾ ಕಾರ್ಡು, ಕೋಲ್‌ಬರ್ಗ್‌ರ ಹೈನ್ಜ್ ಸಂದಿಗ್ಧ (ನೈತಿಕ ಯೋಚನೆ ಅಳೆಯುವ ಕಥೆ), ಎಲ್ಲ ಒಂದೇ ಪೆಟ್ಟಿಗೆಯಲ್ಲಿದೆ. ನಮ್ಮ ಅಂಕ 5ಕ್ಕೆ 2.5. ಅರ್ಧ ಅಂಕ ಕಳೆದದ್ದು ಸಾಮಾನಿಗೆ, ಉಳಿದ ಎರಡು ಕೈಪಿಡಿಗೆ. ಅದು ಹೇಳಿದಂತೆ ಕೇಳುತ್ತಾ ಹೋದರೆ ತಿಳಿದ ಮಗುವೂ ತಿಳಿಯದ ಮಗುವಿನ ಪಟ್ಟಿಗೆ ಸೇರುತ್ತದೆ.

ದ್ರವದ ಪ್ರಯೋಗದಿಂದಲೇ ಶುರು ಮಾಡೋಣ. ಒಂದೇ ಅಳತೆಯ ಎರಡು ಬೀಕರ್, ಒಂದು ಎತ್ತರದ ಸಪೂರ ಸಿಲಿಂಡರ್ ಕೊಟ್ಟಿದ್ದಾರೆ. ಬೀಕರುಗಳಿಗೆ ಒಂದೇ ಸಮ ನೀರು ತುಂಬಿ, ಒಂದರದನ್ನು ಸಿಲಿಂಡರಿಗೆ ಸುರಿದು, ಈಗಲೂ ಸಮವೇ ಎಂದು ಕೇಳುವುದು. ಗಾಜಲ್ಲ, ಪ್ಲಾಸ್ಟಿಕ್ಕು, ಒಳ್ಳೆಯದೇ. ಆದರೆ ಮೂರರ ಮೇಲೂ ಮಿಲಿಲೀಟರ್ ಗೆರೆ ಅಚ್ಚಾಗಿದೆ. ಸಂಖ್ಯೆ ಓದಬಲ್ಲ ಮಗು ‘ಇಲ್ಲೂ 150, ಅಲ್ಲೂ 150’ ಅನ್ನುತ್ತದೆ. ಅದು ಓದುವ ಪರೀಕ್ಷೆ, ಪ್ರಮಾಣ ಬದಲಾಗಿಲ್ಲ ಎಂಬ ತಿಳಿವಿನ ಪರೀಕ್ಷೆಯಲ್ಲ. ಗೆರೆಗಳನ್ನು ಉಜ್ಜಿ ತೆಗೆಯಿರಿ, ಇಲ್ಲವೇ ಆ ಬದಿಯನ್ನು ನಿಮ್ಮ ಕಡೆ ತಿರುಗಿಸಿಡಿ. ಬಣ್ಣವನ್ನು ಜಗ್ಗಿನ ನೀರಿಗೇ ಬೆರೆಸಿ, ಆಮೇಲೆ ಎರಡಕ್ಕೂ ಸುರಿಯಿರಿ. ಕೈಪಿಡಿ ಹೇಳುವಂತೆ ಬೀಕರಿಗೊಂದೊಂದು ಹನಿ ಹಾಕಿದರೆ ಒಂದರ ಬಣ್ಣ ಗಾಢವಾಗಿ, ಮಗು ಅದನ್ನೇ ‘ಜಾಸ್ತಿ’ ಅನ್ನಬಹುದು. ಸುರಿದ ಬೀಕರಿನ ತಳದಲ್ಲಿ ನಾಲ್ಕು ಹನಿ ಉಳಿದರೆ ‘ಇದರಲ್ಲಿ ಕಮ್ಮಿ ಆಯ್ತು’ ಎಂದ ಮಗುವಿನ ಮಾತು ಸರಿಯೇ. ಅಂಕ ಕಳೆಯುವ ಮುನ್ನ ಪಾತ್ರೆಯ ತಳ ನೋಡಿ.

ಇದಕ್ಕಿಂತ ದೊಡ್ಡ ಲೋಪ ಪ್ರಶ್ನೆಯದು. ‘ಯಾವುದರ ಪರಿಮಾಣ ಅಧಿಕವಾಗಿದೆ?’ ಎಂದು ಐದು ವರ್ಷದ ಮಗುವನ್ನು ಯಾರು ಕೇಳುತ್ತಾರೆ? ‘ಎರಡರಲ್ಲೂ ಒಂದೇ ಸಮ ಇದೆಯಾ, ಒಂದರಲ್ಲಿ ಜಾಸ್ತಿ ಇದೆಯಾ?’ ಎಂದು ಕೇಳಿದರೆ ಸಾಕು. ಸುರಿಯುವ ಮುಂಚೆ ಒಮ್ಮೆ, ಸುರಿದ ಮೇಲೆ ಮತ್ತೊಮ್ಮೆ ಅದೇ ಪ್ರಶ್ನೆ ಬಂದರೆ ‘ಮೊದಲ ಉತ್ತರ ತಪ್ಪಾಯಿತೇನೋ’ ಎಂದು ಮಕ್ಕಳು ಮಾತು ಬದಲಿಸುತ್ತಾರೆ. ರೋಸ್ ಮತ್ತು ಬ್ಲ್ಯಾಂಕ್ 1974ರಲ್ಲಿ ಕೊನೆಯ ಪ್ರಶ್ನೆಯೊಂದನ್ನೇ ಉಳಿಸಿಕೊಂಡಾಗ ಸರಿಯುತ್ತರ ಹೆಚ್ಚಿತು. ಅದೇ ವರ್ಷ ಮೆಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್ ಸಮಸಂಖ್ಯೆಯ ಎರಡು ಬಿಲ್ಲೆ ಸಾಲುಗಳಲ್ಲಿ ಒಂದನ್ನು ತಾವು ಕದಲಿಸದೆ ಒಂದು ‘ತುಂಟ ಕರಡಿ’ ಗೊಂಬೆಯಿಂದ ಕೆಡಿಸಿದರು. ದೊಡ್ಡವರು ಬೇಕೆಂದೇ ಸರಿಸಿದಾಗ ಎಡವಿದ ನಾಲ್ಕರಿಂದ ಆರು ವರ್ಷದ ಬಹಳಷ್ಟು ಮಕ್ಕಳು ಆಗ ಸರಿಯಾಗಿ ಹೇಳಿದರು. ಕಿಟ್ಟಿನಲ್ಲಿ ಕರಡಿ ಇಲ್ಲ, ಯಾವ ಬೊಂಬೆಯಾದರೂ ಆದೀತು.

ದಾಖಲೆ ಹಾಳೆಯಲ್ಲಿ ‘ಸರಿ/ತಪ್ಪು’ ಎಂಬ ಎರಡೇ ಕಾಲಂ. ಪಿಯಾಜೆ ಪ್ರಯೋಗದ ಜೀವವೇ ‘ಯಾಕೆ?’ ಎಂಬ ಮುಂದಿನ ಪ್ರಶ್ನೆ. ‘ಏನೂ ಸೇರಿಸಿಲ್ಲ, ತೆಗೆದಿಲ್ಲ’, ‘ವಾಪಸ್ ಸುರಿದರೆ ಮೊದಲಿನಷ್ಟೇ’, ‘ಉದ್ದ ಇದೆ, ಆದರೆ ಸಪೂರ’. ಈ ಮೂರರಲ್ಲಿ ಒಂದು ಬಂದರೂ ಮಗು ಮೂರ್ತ ಕಾರ್ಯಾತ್ಮಕ ಹಂತದ (ಕಣ್ಣೆದುರಿನ ವಸ್ತುಗಳ ಬಗ್ಗೆ ತರ್ಕದಿಂದ ಯೋಚಿಸುವ ಹಂತ) ಯೋಚನೆಗೆ ಬಂದಿದೆ ಎನ್ನಬಹುದು. ಮೂರನೆಯ ಕಾಲಂ ನೀವೇ ಗೀಚಿಕೊಂಡು ಮಗುವಿನ ಮಾತನ್ನು ಇದ್ದಂತೆಯೇ ಬರೆಯಿರಿ.

ಜೇಡಿಮಣ್ಣಿನ ಪೊಟ್ಟಣ ಬೇಗ ಒಣಗುತ್ತದೆ. ಚಪಾತಿ ಹಿಟ್ಟು ಸಾಕು, 50 ಗ್ರಾಂನ ಎರಡು ಉಂಡೆ, ಒಂದನ್ನು ಮಗುವಿನೆದುರೇ ಉದ್ದಕ್ಕೆ ಹೊಸೆಯಿರಿ. ಮುಂದಿನದು ಕೈಪಿಡಿಯಲ್ಲಿಲ್ಲ: ಮಣ್ಣಿನ ಪ್ರಮಾಣ ಅಷ್ಟೇ ಎಂದು ಏಳೆಂಟು ವರ್ಷಕ್ಕೆ ಹೇಳುವ ಮಗು, ತೂಕ ಅಷ್ಟೇ ಎನ್ನಲು ಒಂಬತ್ತು-ಹತ್ತಾಗಬೇಕು, ಘನ ಪರಿಮಾಣಕ್ಕೆ (ಅದು ಹಿಡಿಯುವ ಜಾಗ) ಹನ್ನೊಂದು-ಹನ್ನೆರಡು.

ಮೂರು ಬೆಟ್ಟಗಳ ಥರ್ಮೋಕೋಲ್ ಮಾದರಿ ದಂಡ. ಬೇರೆ ಕಡೆ ಕೂತ ಗೊಂಬೆಗೆ ಬೆಟ್ಟಗಳು ಹೇಗೆ ಕಾಣುತ್ತವೆ ಎಂದು ಮಗು ಊಹಿಸಬಲ್ಲದೇ ಎಂದು ನೋಡಲು ಇದು. ಪಿಯಾಜೆ ಮತ್ತು ಇನ್ಹೆಲ್ಡರ್ ಬಳಸಿದ್ದು ಒಂದು ಮೀಟರ್ ಚೌಕದ್ದು, ಒಂದೊಂದು ಬೆಟ್ಟಕ್ಕೂ ಬೇರೆ ಬಣ್ಣ, ಬೇರೆ ಗುರುತು. ಇಲ್ಲಿ ಅಂಗೈ ಅಗಲದ್ದು, ಮೂರೂ ಹಸಿರು. ಬದಲಿಗೆ ರಟ್ಟಿನ ಎರಡು ಗೋಡೆಗಳನ್ನು ಕೂಡಿಸುವ ಚಿಹ್ನೆಯಂತೆ ನಿಲ್ಲಿಸಿ, ಎರಡು ಪೊಲೀಸ್ ಗೊಂಬೆ ಇಟ್ಟು, ‘ಹುಡುಗನನ್ನು ಪೊಲೀಸರಿಗೆ ಕಾಣದಂತೆ ಬಚ್ಚಿಡು’ ಅನ್ನಿ. ಹ್ಯೂಸ್ 1975ರಲ್ಲಿ ಹೀಗೆ ಮಾಡಿದಾಗ ಮೂರೂವರೆಯಿಂದ ಐದು ವರ್ಷದ ಮಕ್ಕಳ ಉತ್ತರಗಳಲ್ಲಿ 90% ಸರಿಯಿದ್ದವು.

ಎರಡು ಗೊಂಬೆಗಳ ಆಟಕ್ಕೆ ಕೊಟ್ಟ ಡಬ್ಬಿಗಳು ಪಾರದರ್ಶಕ. ಗೋಲಿ ಹೊರಗೇ ಕಂಡರೆ ಆಟ ಮುಗಿದಂತೆ. ಮುಚ್ಚಳದ ಬುಟ್ಟಿ, ಪೆಟ್ಟಿಗೆ ತನ್ನಿ. ಸ್ಯಾಲಿ, ಆ್ಯನ್ ಬದಲು ‘ಗೌರಿ’, ‘ಪುಟ್ಟ’ ಎಂದಿಡಿ. ಗೌರಿ ಬುಟ್ಟಿಯಲ್ಲಿ ಗೋಲಿ ಇಟ್ಟು ಹೊರಗೆ ಹೋದಾಗ ಪುಟ್ಟ ಅದನ್ನು ಪೆಟ್ಟಿಗೆಗೆ ಹಾಕುತ್ತಾನೆ; ಗೌರಿಗೆ ಅದು ಗೊತ್ತಿಲ್ಲ ಎಂಬುದು ಮಗುವಿಗೆ ತಿಳಿಯುತ್ತದೆಯೇ ಎಂಬುದೇ ಪ್ರಶ್ನೆ. ‘ಗೋಲಿ ಈಗ ಎಲ್ಲಿದೆ?’, ‘ಮೊದಲು ಎಲ್ಲಿತ್ತು?’ ಎಂಬೆರಡನ್ನೂ ಕೇಳದೆ ‘ಗೌರಿ ಎಲ್ಲಿ ಹುಡುಕುತ್ತಾಳೆ?’ ಎಂಬುದರ ಮೇಲಷ್ಟೇ ತೀರ್ಪು ಕೊಡಬೇಡಿ, ಮಗು ಕಥೆಯನ್ನೇ ಮರೆತಿರಬಹುದು. ಇದನ್ನು ‘ಆಟಿಸಂ ಪರೀಕ್ಷೆ’ ಎಂದು ಕೈಪಿಡಿ ಕರೆದಿರುವುದು ಅಪಾಯ. 1985ರ ಮೂಲ ಅಧ್ಯಯನದಲ್ಲೇ 20 ಆಟಿಸಂ ಮಕ್ಕಳಲ್ಲಿ 4 ಮಂದಿ ಸರಿಯಾಗಿ ಉತ್ತರಿಸಿದ್ದರು.

ಇನ್ನು ನೈತಿಕ ಕಾರ್ಡುಗಳು. ಬಾಗಿಲ ಹಿಂದೆ ತಟ್ಟೆ ಇರುವುದು ಗೊತ್ತಿಲ್ಲದೆ ಬಾಗಿಲು ತಳ್ಳಿ 15 ಬಟ್ಟಲು ಒಡೆದವನು, ಜಾಮ್ ಕದಿಯಲು ಹೋಗಿ ಒಂದು ಒಡೆದವನು, ಹೆಚ್ಚು ತಪ್ಪು ಯಾರದು? ಚಿತ್ರದಲ್ಲಿ ಒಡೆದ ಚೂರುಗಳಷ್ಟೇ ಇವೆ, ಉದ್ದೇಶ ಇಲ್ಲ. ಕಣ್ಣಿಗೆ ಕಂಡದ್ದನ್ನೇ ಮಗು ಎಣಿಸುತ್ತದೆ. ಉದ್ದೇಶವನ್ನೂ ಚಿತ್ರದಲ್ಲಿ ತೋರಿಸಿದಾಗ ಮೂರು ವರ್ಷದವರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆಂದು ನೆಲ್ಸನ್ 1980ರಲ್ಲಿ ತೋರಿಸಿದರು. ಬಾಗಿಲ ಹಿಂದೆ ತಟ್ಟೆ ಇರುವುದು ಹುಡುಗನಿಗೆ ಕಾಣದ ಚಿತ್ರವೊಂದನ್ನು ಬರೆದು ಸೇರಿಸಿ, ಎರಡೂ ಕಥೆಯನ್ನು ಮಗುವಿನಿಂದ ಹೇಳಿಸಿ, ಆಮೇಲೆ ಕೇಳಿ.

ಪೆಟ್ಟಿಗೆಯ ಮೇಲೆ ‘5+ ವರ್ಷ’ ಎಂದಿದೆ, ಹೈನ್ಜ್ ಕಥೆಗೆ (ಸಾಯುತ್ತಿರುವ ಹೆಂಡತಿಗಾಗಿ, ಕೊಳ್ಳಲಾಗದ ಔಷಧವನ್ನು ಗಂಡ ಕದಿಯಬೇಕೇ?) ಅದು ಒಪ್ಪುವುದಿಲ್ಲ. ಕೋಲ್‌ಬರ್ಗ್ ಮೊದಲು ಮಾತಾಡಿಸಿದ್ದು ಶಿಕಾಗೋದ 10ರಿಂದ 16 ವರ್ಷದ 72 ಹುಡುಗರನ್ನು. ಹುಡುಗಿಯರೇ ಇಲ್ಲವೆಂಬ ಮನೋವಿಜ್ಞಾನಿ ಗಿಲ್ಲಿಗನ್ ಆಕ್ಷೇಪಕ್ಕೆ ಕೈಪಿಡಿಯಲ್ಲಿ ಒಂದು ಸಾಲಾದರೂ ಬೇಕಿತ್ತು. ‘ಕದಿಯಬೇಕು’ ಎಂದರೆ ನೈತಿಕ ಯೋಚನೆಯ ಆರು ಹಂತಗಳಲ್ಲಿ ಮೇಲಿನದು, ‘ಬಾರದು’ ಎಂದರೆ ಕೆಳಗಿನದು ಎಂಬ ಕೋಷ್ಟಕವಂತೂ ಶುದ್ಧ ತಪ್ಪು. ‘ಕದಿಯಲಿ, ಹೆಂಡತಿ ಇದ್ದರೆ ಅವನಿಗೇ ಅನುಕೂಲ’ ಎಂದರೆ ಎರಡನೆಯ ಹಂತ, ‘ಕದಿಯಲಿ, ಒಳ್ಳೆಯ ಗಂಡ ಹಾಗೇ ಮಾಡುತ್ತಾನೆ’ ಎಂದರೆ ಮೂರನೆಯದು. ಉತ್ತರ ಒಂದೇ, ಹಂತ ಬೇರೆ. ‘ಅವಳ ಮೇಲೆ ಪ್ರೀತಿಯೇ ಇಲ್ಲದಿದ್ದರೆ?’, ‘ಗುರುತು ಪರಿಚಯ ಇಲ್ಲದವರಿಗಾದರೆ?’ ಎಂದು ಕೆದಕದೆ ಹಂತ ಬರೆಯಬೇಡಿ. ಆರನೆಯ ಹಂತದ ಕಾಲಂ ಹೊಡೆದುಹಾಕಿ, 1987ರ ಅಂಕನ ಕೈಪಿಡಿಯಲ್ಲೇ ಅದನ್ನು ಅಳೆಯುವುದನ್ನು ಬಿಟ್ಟಿದ್ದಾರೆ.

ಬಿಡಿಯಾಗಿ ಸಿಕ್ಕರೆ ಬೀಕರು, ಬಿಲ್ಲೆ, ಗೊಂಬೆ ಮಾತ್ರ ಕೊಳ್ಳಿ.